ಹೆಸರು ಬರೆದರೆ ಸಾಲದು, ಅಕ್ಷರವೂ ಬೇಕು

ಲಾಕ್‌ಡೌನ್‌ಗೆ ಮೊದಲು ಒಂದನೇ ಕ್ಲಾಸಲ್ಲಿದ್ದ ಮಗು, 2021ರ ಅಕ್ಟೋಬರ್ 25ಕ್ಕೆ ಶಾಲೆ ತೆರೆದಾಗ ಬಂದು ಕೂತದ್ದು ಮೂರನೇ ಕ್ಲಾಸಲ್ಲಿ! ಮರುವರ್ಷ ಸರ್ಕಾರ ‘ಕಲಿಕಾ ಚೇತರಿಕೆ’ ಶುರು ಮಾಡಿತು, ಒಳ್ಳೆಯದೇ.

ಆದರೆ ಲಿಂಗಸುಗೂರು ಕಡೆ ಇದು ಕೊರೊನಾ ಕತೆಯಷ್ಟೇ ಅಲ್ಲ. ಅಪ್ಪ-ಅವ್ವನ ಜತೆ ಬೆಂಗಳೂರಿಗೆ ಗುಳೆ ಹೋಗುವ, ಹತ್ತಿ ಬಿಡಿಸಲು ಹೋಗುವ ಮಕ್ಕಳದ್ದು ವರ್ಷಾವರ್ಷ ಇದೇ ಪಾಡು. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿಯನ್ನೂ ಕೊಡಬೇಕು. ಸೇರಿಸಲು ಹೆಸರು ಬರೆದರಾಯಿತು. ತರಬೇತಿಗೆ ಮೇಷ್ಟ್ರು ಬೇಕು, ಸಮಯ ಬೇಕು. ಅದಿಲ್ಲದೆ ಐದನೇ ಕ್ಲಾಸಿನ ಪುಸ್ತಕ ಕೈಗಿಟ್ಟರೆ, ಓದಲು ಬಾರದ ನಾಚಿಕೆಗೇ ಹುಡುಗ ಮತ್ತೆ ಹೊಲಕ್ಕೆ ಹೋಗುತ್ತಾನೆ ಅಂತ ನನ್ನ ಭಯ.

ಟಿಸಿ ತಡವಾಯಿತೆಂದು ವಾಪಸ್ ಕಳಿಸಿದರೆ 5ನೇ ಸೆಕ್ಷನ್ ತೋರಿಸಿ. ಸೇರಿಸಿಕೊಂಡ ಮೇಲೆ ‘ತರಬೇತಿ ಯಾವಾಗ ಸರ್?’ ಅಂತಲೂ ಕೇಳಿ.