ಅಗ್ಗಿಷ್ಟಿಕೆಯ ಜಮಾಖರ್ಚು

ದೆಹಲಿಯ ಚಳಿಗಾಲದ ಅಂಗೀಠಿಯೂ ಕನ್ನಡನಾಡಿನ ಬಾಣಂತಿಕೋಣೆಯ ಅಗ್ಗಿಷ್ಟಿಕೆಯೂ ‘ಅಗ್ನಿಷ್ಠಿಕಾ’ ಎಂಬ ಒಂದೇ ಸಂಸ್ಕೃತ ಶಬ್ದದಿಂದ ಹುಟ್ಟಿದವು. ಕಾರ್ಬನ್ನಿಗೆ ನಮ್ಮ ರಸಾಯನಶಾಸ್ತ್ರ ಗ್ರಂಥಗಳಲ್ಲಿ ರೂಢವಾಗಿರುವ ‘ಇಂಗಾಲ’ವೆಂಬ ಹೆಸರೂ ಕೆಂಡವನ್ನು ಹೇಳುವ ‘ಅಂಗಾರ’ದ ತದ್ಭವವೇ. ಶಬ್ದದ ನಂಟು ಇಷ್ಟು ಹಳೆಯದಾದರೂ ಆ ಕೆಂಡದೊಳಗೆ ನಡೆಯುವ ವ್ಯಾಪಾರ ಸುಶಿಕ್ಷಿತರಲ್ಲಿಯೂ ಅನೇಕರಿಗೆ ಸ್ಪಷ್ಟವಾಗಿಲ್ಲ. ಉತ್ತರ ಭಾರತದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಅಂಗೀಠಿಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ವಾರ್ತೆ ಚಳಿಗಾಲ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹೊಗೆಯಾಡದ ಕೆಂಡದಿಂದ ಅಪಾಯವಿಲ್ಲವೆಂಬ ನಂಬಿಕೆ ಈ ಅನಾಹುತಗಳಿಗೆ ಬಹುಮಟ್ಟಿಗೆ ಎಡೆಮಾಡಿಕೊಟ್ಟಿದೆ.

ಸೌದೆ ಉರಿಯುತ್ತದೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಒಲೆಗಿಟ್ಟ ಸೌದೆಯಲ್ಲಿ ಮೊದಲು ನಡೆಯುವುದು ದಹನವಲ್ಲ, ವಿಘಟನೆ. ಕಾವು ತಗುಲಿದೊಡನೆ ಅದರಲ್ಲಿನ ನೀರು ಆವಿಯಾಗಿ ಹೋಗುತ್ತದೆ. ಉಷ್ಣತೆ ಸುಮಾರು 200 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಮರದ ದ್ರವ್ಯವೇ ಒಡೆದು, ಉರಿಯಬಲ್ಲ ಅನಿಲಗಳೂ ಡಾಂಬರಿನಂಥ ಆವಿಗಳೂ ಹೊರಬೀಳುತ್ತವೆ. ಇವು ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುವುದೇ ಜ್ವಾಲೆ. ಜ್ವಾಲೆಗೆ ಸಿಕ್ಕದೆ ತಪ್ಪಿಸಿಕೊಂಡದ್ದು ಹೊಗೆ. ಅನಿಲಾಂಶವೆಲ್ಲ ಹೊರಟುಹೋದ ಬಳಿಕ ಉಳಿಯುವ ಇದ್ದಿಲು ಬಹುತೇಕ ಇಂಗಾಲ. ಅದು ಹಳದಿಯ ಜ್ವಾಲೆಯಿಲ್ಲದೆ, ತನ್ನ ಮೇಲ್ಮೈಯಲ್ಲಿ ಮಾತ್ರ, ಕೆಂಪಗೆ ದಹಿಸುತ್ತದೆ. ಉರಿ ಬೇರೆ, ಕೆಂಡ ಬೇರೆ ಎಂದು ಎರಡು ಹೆಸರಿಟ್ಟಿರುವ ಅಡುಗೆಮನೆಯ ಕನ್ನಡ ಈ ಭೇದವನ್ನು ಎಂದೋ ಗುರುತಿಸಿದೆ. ಮೇಣದಬತ್ತಿಯ ಜ್ವಾಲೆ ಹಳದಿಯಾಗಿ ಬೆಳಗುವುದು ಅದರೊಳಗೆ ಇನ್ನೂ ಉರಿಯದಿರುವ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದ. ಮೈಕೇಲ್ ಫ್ಯಾರಡೆ 1860-61ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ನಿನ ಮಕ್ಕಳಿಗಾಗಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನು ಬಹು ಸೊಗಸಾಗಿ ತೋರಿಸಿದನು. ಆ ಜ್ವಾಲೆಗೆ ತಣ್ಣನೆಯ ತಟ್ಟೆಯನ್ನು ಹಿಡಿದರೆ ಅದೇ ಕಣಗಳು ಮಸಿಯಾಗಿ ಕೂಡುತ್ತವೆ. ಮನೆಯಲ್ಲಿ ಕಾಡಿಗೆ ಮಾಡುವವರು ಫ್ಯಾರಡೆಯ ಹೆಸರು ಕೇಳದೆಯೇ ಈ ಪ್ರಯೋಗವನ್ನು ಮಾಡುತ್ತ ಬಂದಿದ್ದಾರೆ.

ಉರಿಯುವ ವಸ್ತುವಿನಿಂದ ‘ಫ್ಲಾಜಿಸ್ಟನ್’ ಎಂಬ ತತ್ತ್ವವೊಂದು ಹೊರಟುಹೋಗುತ್ತದೆಂಬುದು 18ನೆಯ ಶತಮಾನದಲ್ಲಿ ವಿದ್ವಾಂಸರ ಮತವಾಗಿತ್ತು. ಅದನ್ನು ಕೆಡವಿದ್ದು ತಕ್ಕಡಿ. ಫ್ರಾನ್ಸಿನ ಲವಾಸಿಯೇ ವಸ್ತುಗಳನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಸಿ ತೂಗಿ, ದಹನದಲ್ಲಿ ಗಾಳಿಯ ಒಂದು ಭಾಗ ವಸ್ತುವಿನೊಡನೆ ಕೂಡಿಕೊಳ್ಳುತ್ತದೆಯೆಂದೂ ಒಟ್ಟು ತೂಕ ಹೆಚ್ಚುಕಡಿಮೆಯಾಗುವುದಿಲ್ಲವೆಂದೂ ಸಿದ್ಧಪಡಿಸಿದನು. ಆತ ತೆರಿಗೆ ವಸೂಲಿಯ ಗುತ್ತಿಗೆದಾರರ ಕೂಟದಲ್ಲಿ ಪಾಲುದಾರ. ಜಮೆ ಖರ್ಚುಗಳು ಸರಿದೂಗಲೇಬೇಕೆಂಬ ಹಟ ಆ ವೃತ್ತಿಗೆ ಸಹಜ. ಅದೇ ವೃತ್ತಿಯ ಕಾರಣದಿಂದ 1794ರಲ್ಲಿ ಕ್ರಾಂತಿಕಾರರು ಅವನ ತಲೆ ತೆಗೆದರು.

ಈ ಲೆಕ್ಕವನ್ನು ಇಂಗಾಲಕ್ಕೆ ಅನ್ವಯಿಸಿ ನೋಡಬಹುದು. 12 ಗ್ರಾಂ ಇಂಗಾಲ 32 ಗ್ರಾಂ ಆಮ್ಲಜನಕದೊಡನೆ ಕೂಡಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಉಂಟಾಗಿ, ಸುಮಾರು 94 ಕಿಲೋಕ್ಯಾಲೊರಿ ಶಾಖ ಬಿಡುಗಡೆಯಾಗುತ್ತದೆ. ಆಮ್ಲಜನಕ 16 ಗ್ರಾಂ ಮಾತ್ರ ದೊರೆತರೆ ಹುಟ್ಟುವುದು 28 ಗ್ರಾಂ ಇಂಗಾಲದ ಮಾನಾಕ್ಸೈಡ್. ಶಾಖ ಕೇವಲ 26. ಉಳಿದ 68 ಕಿಲೋಕ್ಯಾಲೊರಿ ಆ ಅನಿಲದಲ್ಲಿಯೇ ಅಡಗಿ ಹೊರಟುಹೋಗುತ್ತದೆ. ಅರೆಬರೆ ಉರಿದ ಇಂಧನ ಮೂರು ಪಾಲಿಗೆ ಹತ್ತಿರದಷ್ಟು ಬೆಲೆಯನ್ನು ಕೊಡದೆ ಹೋದ ಸಾಲಗಾರನಂತೆ.

ಅಗ್ಗಿಷ್ಟಿಕೆಯ ರಾಶಿಯಲ್ಲಿ ಈ ಎರಡೂ ಕ್ರಿಯೆಗಳುಂಟು. ಗಾಳಿ ಧಾರಾಳವಾಗಿ ನುಗ್ಗುವ ತಳದಲ್ಲಿ ಡೈಆಕ್ಸೈಡ್ ಹುಟ್ಟುತ್ತದೆ. ಅದು ಮೇಲಿನ ಕಾದ ಇದ್ದಿಲಿನ ನಡುವೆ ಏರುವಾಗ ಮತ್ತಷ್ಟು ಇಂಗಾಲವನ್ನು ಸೇರಿಸಿಕೊಂಡು ಮಾನಾಕ್ಸೈಡಾಗುತ್ತದೆ. ರಾಶಿಯ ನೆತ್ತಿಯಲ್ಲಿ ಆಗಾಗ ನಲಿಯುವ ಸಣ್ಣ ನೀಲಿ ಜ್ವಾಲೆಗಳು ಈ ಅನಿಲ ಉರಿದುಹೋಗುತ್ತಿರುವ ಗುರುತು. ಮೇಲ್ಭಾಗ ಆರಿ ಬೂದಿ ಮುಚ್ಚಿದಾಗ ಅದು ಉರಿಯದೆಯೇ ಕೋಣೆಗೆ ಹರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಅತ್ಯಲ್ಪ ಹಗುರವಾದುದರಿಂದ ಎಲ್ಲೆಡೆಯೂ ಬೆರೆಯುತ್ತದೆ. ನೆಲದ ಮೇಲೆ ಮಲಗಿದರೂ ಮಂಚದ ಮೇಲೆ ಮಲಗಿದರೂ ಒಂದೇ. ಹಸಿ ಸೌದೆಯ ಹೊಗೆ ಕಣ್ಣುರಿಸಿ ಮನುಷ್ಯನನ್ನು ಹೊರಕ್ಕಟ್ಟುತ್ತದೆ. ಇದು ಸೂಚನೆಯನ್ನೇ ಕೊಡದು. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದು, ಉಸಿರಾಟ ನಡೆದಿರುವಾಗಲೇ ದೇಹವನ್ನು ಆಮ್ಲಜನಕವಿಲ್ಲದಂತೆ ಮಾಡುತ್ತದೆ. ತಲೆನೋವು, ವಾಕರಿಕೆ, ಮಂಪರು ಇವು ಮೊದಲ ಲಕ್ಷಣಗಳು. ನಿದ್ರೆಯಲ್ಲಿರುವವನಿಗೆ ಇವಾವುವೂ ತಿಳಿಯವು.

ಉದ್ದ, ಅಗಲ, ಎತ್ತರ ಮೂರು ಮೀಟರಿನ ಕೋಣೆಯೊಂದನ್ನು ಎಣಿಸೋಣ. ಅದರಲ್ಲಿ 27,000 ಲೀಟರು ಗಾಳಿ. ಅರ್ಧ ಕಿಲೋಗ್ರಾಂ ಇಂಗಾಲ ದಹಿಸಿ, ಅದರ ಹತ್ತರಲ್ಲೊಂದು ಪಾಲು ಮಾತ್ರ ಮಾನಾಕ್ಸೈಡಾಯಿತೆನ್ನೋಣ. ಆ ಅನಿಲ ಸುಮಾರು 100 ಲೀಟರು. ಕೋಣೆಯಲ್ಲಿ ಗಾಳಿಯಾಡದಿದ್ದರೆ ಸಾವಿರಕ್ಕೆ ಹೆಚ್ಚುಕಡಿಮೆ 4 ಭಾಗ. ಸಾವಿರಕ್ಕೆ 2 ಭಾಗವಿದ್ದರೂ ಒಂದೆರಡು ಗಂಟೆಗಳಲ್ಲಿ ಪ್ರಾಣ ಹೋಗಬಲ್ಲದು.

ಹೀಗಾಗಿ ಉರುವಲನ್ನು ಉಳಿಸುವ ಉಪಾಯವೂ ಪ್ರಾಣವನ್ನು ಉಳಿಸುವ ಉಪಾಯವೂ ಒಂದೇ ದಿಕ್ಕಿನವು: ಒಣಗಿದ ಇಂಧನ, ತಳದಿಂದ ಗಾಳಿ, ಹೊಗೆಗೆ ಹೊರದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯಲ್ಲಿ ಕೆಳಗೆ ಜಾಲರಿಯೂ ಕೊನೆಗೆ ಹೊಗೆಕೊಳವೆಯೂ ಇರುವುದು ಇದಕ್ಕಾಗಿಯೇ.

ಮುಂಬಯಿ ಪುಣೆಗಳ ಮಹಡಿಮನೆಗಳಲ್ಲಿ ಅಗ್ಗಿಷ್ಟಿಕೆಯಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ. ಸ್ನಾನದ ಕೋಣೆಯೊಳಗೆ ಕೂಡಿಸಿದ ಗ್ಯಾಸ್ ಗೀಸರಿನಲ್ಲಿ ಉರಿಯುವುದು ಪ್ರೊಪೇನು, ಬ್ಯುಟೇನು. ಅವುಗಳಲ್ಲಿರುವುದೂ ಅದೇ ಇಂಗಾಲ. ಮುಚ್ಚಿದ ಚಿಕ್ಕ ಕೋಣೆಯ ಆಮ್ಲಜನಕ ತಗ್ಗಿದಂತೆ ದಹನ ಅಪೂರ್ಣವಾಗುತ್ತದೆ. ನೀಲಿಯ ಉರಿ ಹಳದಿಗೆ ತಿರುಗಿದರೆ ಅದೊಂದು ಸುಳಿವು, ಆದರೆ ಎಲ್ಲ ಸಂದರ್ಭಗಳಲ್ಲೂ ಅದು ಕಾಣಿಸಿಕೊಳ್ಳುವುದಿಲ್ಲ. ಸೋರಿದ ಅನಿಲ ಮೂಗಿಗೆ ಬಡಿಯುವುದು ಅದಕ್ಕೆ ಬೇಕೆಂದೇ ಬೆರೆಸಿರುವ ಗಂಧಕದ ಸಂಯುಕ್ತದಿಂದ; ಆ ಸಂಯುಕ್ತ ಉರಿಯಲ್ಲಿ ಸುಟ್ಟುಹೋಗುವುದರಿಂದ ಮಾನಾಕ್ಸೈಡಿನ ವಿಷಯದಲ್ಲಿ ಮೂಗು ನೆರವಾಗದು. ಹೀಗೆ ಕುಸಿದವರನ್ನು ಒಡನೆಯೇ ಬಯಲಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ರಕ್ತ ಹಿಡಿದಿಟ್ಟ ವಿಷದಲ್ಲಿ ಅರ್ಧ ಬಿಟ್ಟುಹೋಗಲು ಸಾಧಾರಣ ಗಾಳಿಯಲ್ಲಿ ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು, ಒಂದೂವರೆ ಗಂಟೆ.