ಒಡವೆ ಗಿರವಿಯಿಟ್ಟು ಕೊಂಡ ಯಂತ್ರ

ನಿಮ್ಮ ಮನೆಯಲ್ಲಿ ಲಿವ್ 52ರ ಬಾಟಲಿ ಇದೆಯೇ? ಮಗು ಊಟ ಬಿಟ್ಟಾಗ ಎಷ್ಟೋ ತಾಯಂದಿರು ಹುಡುಕುವುದು ಅದನ್ನೇ. ಅದರ ಹಿಂದೆ ಒಂದು ಮುಸ್ಲಿಮ್ ಕುಟುಂಬದ ದುಡಿಮೆಯಿದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ.

ಬರ್ಮಾದಲ್ಲಿ ರೊಚ್ಚಿಗೆದ್ದ ಆನೆಗೆ ಒಂದು ಬೇರು ತಿನ್ನಿಸಿ ಶಾಂತಗೊಳಿಸುವುದನ್ನು ಯುವಕ ಮುಹಮ್ಮದ್ ಮನಾಲ್ ಕಂಡರಂತೆ. ಅದು ಸರ್ಪಗಂಧದ ಬೇರು. ನಾಟಿ ವೈದ್ಯರಿಗೆ ಅದು ಹೊಸತಲ್ಲ. ಆದರೆ ಬೇರನ್ನು ಅರೆದು ಕುಡಿಸಿದರೆ ಅಳತೆ ಸಿಗುವುದೆಲ್ಲಿ? ಅದನ್ನು ಪರೀಕ್ಷಿಸಿ ಮಾತ್ರೆ ಮಾಡಬೇಕೆಂಬುದು ಮನಾಲರ ಹಠ. ಕೈಯಲ್ಲಿ ಹಣವಿಲ್ಲ. ತಾಯಿಯ ಒಡವೆ ಗಿರವಿಯಿಟ್ಟು, ಕೈಯಿಂದ ನಡೆಸುವ ಮಾತ್ರೆ ಯಂತ್ರ ಕೊಂಡರು. 1930ರಲ್ಲಿ ಡೆಹ್ರಾಡೂನಿನಲ್ಲಿ ಹಿಮಾಲಯ ಡ್ರಗ್ ಕಂಪೆನಿ ಹುಟ್ಟಿತು. 1934ರಲ್ಲಿ ರಕ್ತದೊತ್ತಡಕ್ಕೆ 'ಸರ್ಪಿನಾ' ಮಾತ್ರೆ ಬಂತು. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಇದೇ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದ್ದು 1952ರಲ್ಲಿ! (ಇದನ್ನೋದಿ ನೀವೇ ಬೇರು ಅರೆಯಲು ಹೊರಡಬೇಡಿ. ಪ್ರಮಾಣ ಮೀರಿದರೆ ರಕ್ತದೊತ್ತಡ ಕುಸಿಯುತ್ತದೆ, ಮನಸ್ಸೂ ಕುಗ್ಗುತ್ತದೆ.)

ಲಿವ್ 52 ಬಂದದ್ದು 1955ರಲ್ಲಿ. 1964ರಲ್ಲಿ ಮಗ ಮೆರಾಜ್ ಮನಾಲ್ ಕಂಪೆನಿ ಸೇರಿದರು. 1975ರಲ್ಲಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ಕಾರ್ಖಾನೆ ತೆರೆಯಿತು. ಸೋಪು, ಶಾಂಪೂಗಳೆಲ್ಲ ಆಮೇಲಿನ ಮಾತು. ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವಾಗ ಮಾಕಳಿ ದಾಟುತ್ತೀರಲ್ಲ, ಆ ತಾಯಿಯ ಒಡವೆಯ ಕಥೆ ಅಲ್ಲಿಯವರೆಗೆ ಬಂದಿದೆ.