ಮರೆವಿನ ಮನೆಯವರಿಗೊಂದು ಕೆಫೆ

ಡಿಮೆನ್ಷಿಯಾ ಕಾಲಿಟ್ಟ ಮನೆಯವರು ಮೊದಲು ಬಿಡುವುದು ಮದುವೆ, ಮುಂಜಿಗಳನ್ನು. ಪಂಕ್ತಿಯಿಂದ ಎದ್ದ ಮೇಲೂ ಮಾವ ‘ನನಗೆ ಊಟ ಹಾಕಲೇ ಇಲ್ಲ’ ಎಂದು ಕೂಗಾಡಿದರೆ? ಅತ್ತೆ ಬೀಗರನ್ನೇ ಕಳ್ಳರೆಂದು ಬೈದರೆ? ಈ ಅಳುಕಿನಲ್ಲಿ ಇವರು ಹೋಗುವುದು ನಿಲ್ಲುತ್ತದೆ, ಆಮೇಲೆ ನೆಂಟರು ಬರುವುದೂ ನಿಲ್ಲುತ್ತದೆ. ಕೊನೆಗೆ ಎಲ್ಲವನ್ನೂ ಮರೆಯುತ್ತಿರುವ ಒಬ್ಬರು, ಅವರ ಪಾಲಿನದನ್ನೂ ನೆನಪಿಟ್ಟುಕೊಳ್ಳಬೇಕಾದ ಇನ್ನೊಬ್ಬರು, ಇಷ್ಟೇ ಸಂಸಾರ. ಈ ಇನ್ನೊಬ್ಬರು ನಮ್ಮಲ್ಲಿ ಬಹುಪಾಲು ಹೆಂಡತಿ, ಮಗಳು ಅಥವಾ ಸೊಸೆ. ಅವರಿಗೆಂದು ಯಾರೂ ಔಷಧದ ಚೀಟಿ ಬರೆಯುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ವೃದ್ಧರ ಮನಶ್ಶಾಸ್ತ್ರಜ್ಞರಾಗಿದ್ದ ಬೇರ್ ಮೀಸನ್ ಕಂಡದ್ದು ಇನ್ನೊಂದು ಬಗೆಯ ಒಂಟಿತನ. ಗಂಡನಿಗೆ ಕಾಯಿಲೆಯಿದೆ ಎಂದು ಹೆಂಡತಿಗೆ ಗೊತ್ತು, ಗಂಡನಿಗೂ ಗೊತ್ತು. ಆದರೆ ಒಬ್ಬರ ಮುಂದೆ ಒಬ್ಬರು ಅದರ ಹೆಸರೆತ್ತುವುದಿಲ್ಲ. ಇಬ್ಬರನ್ನೂ ಒಂದೇ ಕಡೆ ಕೂರಿಸಿ, ಕಾಫಿ ಕೊಟ್ಟು, ಆ ಹೆಸರನ್ನು ಎಲ್ಲರೆದುರು ಆಡಿಬಿಟ್ಟರೆ ಹೇಗೆ ಎಂದು ಅವರು ಯೋಚಿಸಿದರು. 1997ರ ಸೆಪ್ಟೆಂಬರ್ 15ರಂದು ಲೈಡನ್ ನಗರದಲ್ಲಿ ಮೊದಲ ‘ಆಲ್‌ಝೈಮರ್ ಕೆಫೆ’ ನಡೆಯಿತು. ಜಾಗ ಹೋಟೆಲಲ್ಲ, ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿ.

ಕೆಫೆ ಸೇರುವುದು ತಿಂಗಳಿಗೊಮ್ಮೆ, ಸುಮಾರು ಎರಡೂವರೆ ಗಂಟೆ. ಹೆಸರು ಬರೆಸಬೇಕಿಲ್ಲ, ವೈದ್ಯರ ಪತ್ರ ಬೇಕಿಲ್ಲ. ಮೊದಲ ಅರ್ಧ ಗಂಟೆ ಬಂದವರಿಗೆ ಕಾಫಿ. ನಂತರದ ಅರ್ಧ ಗಂಟೆ ಒಂದು ಸಂದರ್ಶನ. ಆಮೇಲೆ ಸಂಗೀತದ ಬಿಡುವು. ಅದಾದ ಮೇಲೆ ಪ್ರಶ್ನೋತ್ತರ, ಕೊನೆಗೆ ಮತ್ತೆ ಕೂತು ಹರಟೆ. ನೋಡಲು ಬಹಳ ಸಡಿಲ, ಒಳಗೆ ಬಹಳ ಬಿಗಿ. ಭಾಷಣದ ಬದಲು ಸಂದರ್ಶನವಿರುವುದೇ ಇದರ ಜಾಣತನ. ಭಾಷಣ ಮುಗಿದರೆ ಜನ ಚಪ್ಪಾಳೆ ತಟ್ಟಿ ಏಳುತ್ತಾರೆ. ಆದರೆ ತಮ್ಮಂಥವರೇ ಒಬ್ಬರು ಮುಂದೆ ಕೂತು, ‘ಸಿಟ್ಟು ಬಂದು ಅವರನ್ನು ಗದರಿದೆ, ಆಮೇಲೆ ಅತ್ತುಬಿಟ್ಟೆ’ ಎಂದರೆ ಹಿಂದಿನ ಸಾಲಿನವರಿಗೂ ಬಾಯಿ ಬರುತ್ತದೆ. ಉತ್ತರ ಹೇಳಲು ಕೂರುವವರು ವೈದ್ಯರಿರಬಹುದು, ಮನೆಯವರಿರಬಹುದು, ಕಾಯಿಲೆಯವರೇ ಇರಬಹುದು.

ಕಾಯಿಲೆಯವರೂ ಜೊತೆಗೆ ಬರುತ್ತಾರೆ ಎಂಬುದು ಸಣ್ಣ ಮಾತಲ್ಲ. ‘ಅವರನ್ನು ಯಾರ ಕೈಗೆ ಒಪ್ಪಿಸಿ ಬರಲಿ?’ ಎಂಬ ಒಂದೇ ಪ್ರಶ್ನೆ ಎಷ್ಟೋ ಸಭೆಗಳ ಬಾಗಿಲನ್ನು ಆರೈಕೆಯವರಿಗೆ ಮುಚ್ಚಿದೆ. ಇಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಹಾಡಿನ ಬಿಡುವೂ ಬರೀ ಮನರಂಜನೆಗಲ್ಲ. ಹೆಸರುಗಳು ಅಳಿಸಿಹೋದ ಮೇಲೂ ಹಳೆಯ ಹಾಡು ಅನೇಕರಲ್ಲಿ ಉಳಿದಿರುತ್ತದೆ.

ವಿಷಯಗಳಿಗೂ ಒಂದು ಕ್ರಮವಿದೆ. ಕಾಯಿಲೆ ಹೇಗೆ ಸಾಗುತ್ತದೋ ಹಾಗೆ: ಮೊದಲ ಲಕ್ಷಣ, ರೋಗ ಗೊತ್ತಾದ ದಿನ, ಸಂಬಂಧಗಳಲ್ಲಾಗುವ ಬದಲಾವಣೆ, ಕೊನೆಗೆ ಆರೈಕೆ ಕೇಂದ್ರಕ್ಕೆ ಸೇರಿಸುವ ಸಂಕಟ. ಬೀಗದ ಕೈ ಕಳೆಯಲು ಶುರುಮಾಡಿದ ಅಮ್ಮನ ಮಗನ ಪಕ್ಕದಲ್ಲೇ, ಅಮ್ಮನಿಗೆ ತನ್ನ ಗುರುತೇ ಸಿಗದ ಮಗಳು ಕೂತಿರುತ್ತಾಳೆ.

2000ರಲ್ಲಿ ಈ ಕೆಫೆ ಇಂಗ್ಲೆಂಡಿನ ಫಾರ್ನ್‌ಬರೋಗೆ, 2008ರಲ್ಲಿ ಅಮೆರಿಕದ ಸಾಂಟಾ ಫೆಗೆ ಹೋಯಿತು. ನೆದರ್‌ಲ್ಯಾಂಡ್ಸ್‌ನಲ್ಲೇ ಇಂದು ಇನ್ನೂರಕ್ಕೂ ಹೆಚ್ಚು ಕಡೆ, ಹೆಚ್ಚಾಗಿ ಸ್ವಯಂಸೇವಕರ ಬಲದಿಂದ ನಡೆಯುತ್ತಿದೆ. ಅಮೆರಿಕದಲ್ಲಿ ‘ಮೆಮೊರಿ ಕೆಫೆ’ ಎಂದಾಗುವಾಗ ಹಾಡು, ಚಿತ್ರ, ಆಟ ಹೆಚ್ಚಿ, ಕಾಯಿಲೆಯ ಮಾತು ಎಷ್ಟೋ ಕಡೆ ಹಿಂದೆ ಸರಿದಿದೆ. ನನಗೆ ಡಚ್ಚರ ನೇರತನವೇ ಮೆಚ್ಚುಗೆ. ಹಾಗೆಂದು ಕೆಫೆ ಎಲ್ಲಕ್ಕೂ ಮದ್ದಲ್ಲ. ನಡುರಾತ್ರಿ ಚಿಲಕ ತೆಗೆದು ‘ಊರಿಗೆ ಹೊರಟೆ’ ಎನ್ನುವವರನ್ನು ಅದು ತಡೆಯುವುದಿಲ್ಲ. ಅದಕ್ಕೆ ಹಗಲು ಆರೈಕೆ ಕೇಂದ್ರ ಬೇಕು, ಮನೆಗೆ ಬರುವ ತರಬೇತಾದ ಕೈ ಬೇಕು.

ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. 1992ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ, ಡಿಮೆನ್ಷಿಯಾ ಕುಟುಂಬಗಳಿಗಾಗಿ ದುಡಿಯುವ ಎಆರ್‌ಡಿಎಸ್‌ಐ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆಯಿದೆ. 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನಲ್ಲಿ ಡಿಮೆನ್ಷಿಯಾಗೆಂದೇ ಆರೈಕೆ ಕೇಂದ್ರ ಕಟ್ಟಿದೆ. ಶಿರಸಿಯ ಸೊಸೆಗೋ ಸಿಂಧನೂರಿನ ಮಗನಿಗೋ ಇವೆಲ್ಲ ದೂರದ ಮಾತು. ಆದರೆ ಕೆಫೆಗೆ ಕಟ್ಟಡ ಕಟ್ಟಬೇಕಿಲ್ಲ. ವಾರದ ದಿನ ಖಾಲಿ ಬಿದ್ದಿರುವ ಸಮುದಾಯ ಭವನ, ಒಂದು ಫ್ಲಾಸ್ಕು ಕಾಫಿ, ವಿಷಯ ಬಲ್ಲ ಒಬ್ಬ ವೈದ್ಯರು ಅಥವಾ ನರ್ಸು, ಸಂಕೋಚ ಬಿಡಿಸಿ ಮಾತಾಡಿಸಬಲ್ಲ ಒಬ್ಬ ನಿವೃತ್ತ ಮೇಷ್ಟ್ರು ಸಾಕು. ಪಿಂಚಣಿದಾರರ ಸಂಘಗಳು ಮನಸ್ಸು ಮಾಡಿದರೆ ಮುಂದಿನ ತಿಂಗಳೇ ಶುರುಮಾಡಬಹುದು.

ಅಲ್ಲಿಯವರೆಗೆ, ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567, ಕರೆ ಉಚಿತ. ಬೆಂಗಳೂರಿನವರಿಗೆ 1090 ಕೂಡ ಇದೆ. ಫೋನು ಮಾಡಿದಾಗ ಕಾಯಿಲೆಯವರ ವಿವರದ ಜೊತೆಗೆ, ಅವರನ್ನು ನೋಡಿಕೊಳ್ಳುತ್ತಿರುವವರು ಯಾರು, ಆ ಜೀವ ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂಬುದನ್ನೂ ಹೇಳಿ.